ತಿರುವಿನಲ್ಲಿ ಕಟಕಟ ಅನ್ನುವ ಹಳೆ ಮಾರುತಿ: ಆಕ್ಸಲ್ ಬದಲಾಯಿಸುವ ಕೆಲಸ ಮನೆಯಲ್ಲೇ

ಕೊಡಗಿನಲ್ಲಿ ಜೀಪ್ ರಿಪೇರಿ ಬಗ್ಗೆ ಸಲಹೆ ಕೊಡುವವರಿಗೆ ಬರವಿಲ್ಲ. ಹಳೆ ಮಾರುತಿ 800 ಬಗ್ಗೆ ಕೇಳಿದರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ: "ಮಾರಿ ಬಿಡು ಮಾರಾಯ." ನನಗೆ ಮಾರುವ ಮನಸ್ಸಿಲ್ಲ. ಈ ಕಾರಿನ ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಆದರೂ ಗೋಣಿಕೊಪ್ಪದ ಸಂತೆಗೆ, ಮಡಿಕೇರಿಯ ಆಫೀಸು ಕೆಲಸಕ್ಕೆ, ನೆಂಟರ ಮದುವೆಗೆ ನಮ್ಮ ಮನೆಯಿಂದ ಹೊರಡುವುದು ಇದೇ. ಹಾಗಾಗಿ ಅದರ ಆಕ್ಸಲ್ ಕೈಕೊಟ್ಟಾಗ ನಾನೇ ಕೆಳಗೆ ಮಲಗಬೇಕಾಯಿತು. ಮೊದಲ ಸಲ ಕೆಡಿಸಿದೆ. ಎರಡನೇ ಸಲ ಸರಿಯಾಯಿತು. ಆ ಎರಡೂ ಸಲ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

800, ಝೆನ್, ಹಳೆ ಆಲ್ಟೊ ಇವೆಲ್ಲದರಲ್ಲೂ ಇಂಜಿನ್ ಮುಂದೆ, ಕಾರನ್ನು ಎಳೆಯುವುದೂ ಮುಂದಿನ ಚಕ್ರಗಳೇ. ಗೇರ್‌ಬಾಕ್ಸಿನಿಂದ ಎಡಕ್ಕೊಂದು, ಬಲಕ್ಕೊಂದು ಉಕ್ಕಿನ ಸರಳು ಹೋಗಿ ಚಕ್ರ ತಿರುಗಿಸುತ್ತದೆ. ಗ್ಯಾರೇಜಿನವರು ಅದಕ್ಕೆ ಆಕ್ಸಲ್ ಅನ್ನುತ್ತಾರೆ, ಸ್ಪೇರ್ ಪಾರ್ಟ್ಸ್ ಅಂಗಡಿಯವರು ಡ್ರೈವ್ ಶಾಫ್ಟ್ ಅನ್ನುತ್ತಾರೆ. ಎರಡೂ ಒಂದೇ. ಸರಳಿನ ಎರಡು ತುದಿಗೂ ಒಂದೊಂದು ಕೀಲು. ಅದೇ ಸಿವಿ ಜಾಯಿಂಟ್. ಚಕ್ರದ ಕಡೆಯ ಕೀಲಿನೊಳಗೆ ಆರು ಉಕ್ಕಿನ ಗುಂಡುಗಳಿರುತ್ತವೆ. ಚಕ್ರ ಎಷ್ಟು ವಾಲಿದರೂ ಗುಂಡುಗಳು ತಮ್ಮ ಜಾಡಿನಲ್ಲಿ ಜಾರುತ್ತಾ, ಒಂದೇ ವೇಗದಲ್ಲಿ ಚಕ್ರವನ್ನು ತಿರುಗಿಸುತ್ತವೆ. 1959ರಲ್ಲಿ ಬಂದ ಇಂಗ್ಲೆಂಡಿನ ಪುಟ್ಟ ಮಿನಿ ಕಾರು ಅಡ್ಡ ಇಂಜಿನ್ ಇಟ್ಟುಕೊಂಡು ಮುಂದಿನ ಚಕ್ರದಲ್ಲಿ ಓಡಲು ಸಾಧ್ಯವಾದದ್ದೂ ಇಂಥದ್ದೇ ಕೀಲಿನಿಂದ. ಈ ಕೀಲನ್ನು ಮುಚ್ಚುವ ಮಡಿಕೆ ಮಡಿಕೆಯ ರಬ್ಬರ್ ಚೀಲಕ್ಕೆ ಬೂಟ್ ಎಂದು ಹೆಸರು. ಒಳಗೆ ಗ್ರೀಸ್ ತುಂಬಿರುತ್ತದೆ.

ನಮ್ಮಲ್ಲಿ ಆಕ್ಸಲ್ ಹಾಳಾಗುವುದು ವಯಸ್ಸಾಗಿ ಅಲ್ಲ, ಬೂಟ್ ಹರಿದು. ತೋಟದ ದಾರಿಯಲ್ಲಿ ಗಿಡ ಸವರಿ ಬಿಸಾಡಿದ ಕಡ್ಡಿ ಇರುತ್ತದೆ, ಮಳೆಗೆ ಎದ್ದ ಚೂಪು ಕಲ್ಲಿರುತ್ತದೆ. ಒಂದು ಸಣ್ಣ ಸೀಳು ಸಾಕು. ಚಕ್ರ ತಿರುಗುವ ರಭಸಕ್ಕೆ ಗ್ರೀಸ್ ಹೊರಗೆ ಚಿಮ್ಮುತ್ತದೆ, ಕಕ್ಕಡದ (ಜುಲೈ-ಆಗಸ್ಟ್ ತಿಂಗಳ) ಮಳೆಯ ಕೆಸರು ಒಳಗೆ ಹೋಗುತ್ತದೆ. ಕೆಸರಿನಲ್ಲಿರುವ ಸಣ್ಣ ಮರಳು ಗುಂಡುಗಳನ್ನು ಅರೆಯುತ್ತದೆ. ಅಲ್ಲಿಂದ ಮುಂದೆ ಕಟಕಟ ಕೇಳಲು ಕೆಲವು ವಾರ ಸಾಕು.

ಮೊದಲು ಕಾಯಿಲೆ ಯಾವುದು ಎಂದು ತಿಳಿಯಿರಿ

ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ. ಮೊದಲ ಗೇರಿನಲ್ಲಿ ನಿಧಾನವಾಗಿ ಸುತ್ತು ಹಾಕಿ. ಆಮೇಲೆ ಇನ್ನೊಂದು ಕಡೆಗೆ. ಚಕ್ರದ ವೇಗಕ್ಕೆ ಸರಿಯಾಗಿ ಕಟ್ ಕಟ್ ಕಟ್ ಎಂದು ಬಂದರೆ ಹೊರಗಿನ ಕೀಲು ಸವೆದಿದೆ. ನೇರ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಕಾರು ನಡುಗಿ, ಕಾಲು ತೆಗೆದಾಗ ನಡುಕ ನಿಂತರೆ ಒಳಗಿನ ಕೀಲಿನ ಮೇಲೆ ಅನುಮಾನ ಇಡಿ. ವೇಗ ಹೆಚ್ಚಿದಂತೆ ಜಾಸ್ತಿಯಾಗುವ ಗುಂಯ್ ಅನ್ನುವ ಸದ್ದು ವೀಲ್ ಬೇರಿಂಗಿನದು. ಗುಂಡಿಯಲ್ಲಿ ಇಳಿದಾಗ ಮಾತ್ರ ಟಕ್ ಅಂದರೆ ಬಾಲ್ ಜಾಯಿಂಟ್ (ಚಕ್ರದ ಕೆಳಗಿನ ಗುಂಡುಕೀಲು) ಅಥವಾ ಬುಷ್ (ಕೀಲಿನ ರಬ್ಬರ್) ನೋಡಿ. ಸುಮ್ನೆ ಆಕ್ಸಲ್ ಕೊಂಡು ತರಬೇಡಿ.

ಎಡದ್ದೋ ಬಲದ್ದೋ ಎಂದು ಕಿವಿಯಿಂದ ತೀರ್ಮಾನಿಸುವುದು ಕಷ್ಟ. ಸದ್ದು ಬಾಡಿಯಲ್ಲೆಲ್ಲ ಹರಡುತ್ತದೆ. ಕಣ್ಣು, ಕೈ ನಂಬಿ. ಸ್ಟೇರಿಂಗ್ ತಿರುಗಿಸಿ ಚಕ್ರದ ಹಿಂದೆ ಟಾರ್ಚ್ ಬಿಡಿ. ಬೂಟಿನ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿ, ಯಾಕೆಂದರೆ ಸೀಳು ಮಡಿಕೆಯ ಸಂದಿಯಲ್ಲೇ ಅಡಗಿರುತ್ತದೆ. ರಿಮ್ಮಿನ ಒಳಬದಿಗೆ ಕಪ್ಪು ಗ್ರೀಸ್ ರಾಚಿದ್ದರೆ ಅಪರಾಧಿ ಅದೇ ಕಡೆ.

ಇಲ್ಲಿ ಒಂದು ಮುಖ್ಯ ವಿಷಯ. ಬೂಟ್ ಹರಿದಿದೆ, ಆದರೆ ಸದ್ದು ಇನ್ನೂ ಬಂದಿಲ್ಲ ಅಂದರೆ ಆಕ್ಸಲ್ ಬದಲಾಯಿಸಬೇಡಿ. ಕೀಲು ಬಿಚ್ಚಿ, ತೊಳೆದು, ಹೊಸ ಬೂಟ್, ಹೊಸ ಗ್ರೀಸ್ ಹಾಕಿದರೆ ಸಾಕು. ಖರ್ಚು ತೀರಾ ಕಡಿಮೆ. ಗ್ರೀಸ್ ಮಾತ್ರ ಸಿವಿ ಜಾಯಿಂಟಿನದೇ ಇರಲಿ. ಬೂಟ್ ಕಿಟ್ ಜೊತೆ ಬರುವ ಕಪ್ಪು ಮಾಲಿಬ್ಡಿನಂ ಗ್ರೀಸ್ ಅದು. ಮನೆಯಲ್ಲಿ ಪವರ್ ಸ್ಪ್ರೇಯರಿಗೋ ಟ್ರಾಕ್ಟರಿಗೋ ಬಳಿಯುವ ಗ್ರೀಸ್ ಅಲ್ಲ. ಕಟಕಟ ಒಮ್ಮೆ ಶುರುವಾದ ಮೇಲೆ ಹೊಸ ಬೂಟ್ ಹಾಕುವುದು ಹುಳ ಹಿಡಿದ ತೊಲೆಗೆ ಬಣ್ಣ ಬಳಿದ ಹಾಗೆ.

ತರಬೇಕಾದದ್ದು

ಅಂಗಡಿಗೆ ಹೋಗುವಾಗ ಕಾರಿನ ಮಾಡೆಲ್, ವರ್ಷ, ಗೇರ್ ನಾಲ್ಕೋ ಐದೋ, ಯಾವ ಕಡೆ, ಇಷ್ಟು ಬರೆದುಕೊಂಡು ಹೋಗಿ. ಎಡ ಬಲದ ಆಕ್ಸಲ್ ಉದ್ದ ಒಂದೇ ಅಲ್ಲ. ಗೇರ್‌ಬಾಕ್ಸ್ ಕಾರಿನ ಮಧ್ಯಕ್ಕೆ ಸರಿಯಾಗಿ ಕೂರುವುದಿಲ್ಲ, ಅದಕ್ಕೇ ಈ ವ್ಯತ್ಯಾಸ. ಪೂರ್ತಿ ಆಕ್ಸಲ್ ಜೊತೆ ಗೇರ್‌ಬಾಕ್ಸ್ ಕಡೆಯ ಆಯಿಲ್ ಸೀಲ್ (ಆಯಿಲ್ ಸೋರದಂತೆ ತಡೆಯುವ ಬಳೆ), ತುದಿಯ ಹೊಸ ಸರ್ಕ್ಲಿಪ್ (ಆಕ್ಸಲ್ ಜಾರದಂತೆ ಹಿಡಿಯುವ ಸಣ್ಣ ಉಕ್ಕಿನ ಬಳೆ), ಹೊಸ ಆಕ್ಸಲ್ ನಟ್, ಎರಡು ಮೂರು ಸ್ಪ್ಲಿಟ್ ಪಿನ್, ಡ್ರೈನ್ ಪ್ಲಗ್ಗಿನ ವಾಷರ್, ಮ್ಯಾನುವಲ್‌ನಲ್ಲಿ ಹೇಳಿದ ಗೇರ್ ಆಯಿಲ್ ಕೇಳಿ. ಸೀಲಿನ ಬೆಲೆ ಆಕ್ಸಲ್ಲಿನ ಮುಂದೆ ಏನೂ ಅಲ್ಲ. ಒಮ್ಮೆ ಒಂದು ಗ್ಯಾರೇಜಿನಲ್ಲಿ ಹಳೆ ಸೀಲನ್ನೇ ಬಿಟ್ಟು ಹೊಸ ಆಕ್ಸಲ್ ತೂರಿಸಿ ಕಳಿಸಿದ್ದರು. ಒಂದು ತಿಂಗಳು ಶೆಡ್ಡಿನ ನೆಲ ಒರೆಸಿದ್ದು ನಾನು.

ಗುಜರಿಯ ಆಕ್ಸಲ್ ಸಿಗುತ್ತದೆ, ತೆಗೆದುಕೊಳ್ಳಬಹುದು. ಆದರೆ ಹೊರಗಿನ ಕೀಲನ್ನು ಕೈಯಲ್ಲಿ ಹಿಡಿದು ಸರಳನ್ನು ಹಿಂದೆ ಮುಂದೆ ತಿರುಚಿ. ಲಟಲಟ ಅಂದರೆ ಬಿಟ್ಟು ಬನ್ನಿ.

ಸಾಮಾನು: ಒಳ್ಳೆ ಜಾಕಿ, ಎರಡು ಆಕ್ಸಲ್ ಸ್ಟ್ಯಾಂಡ್, ಆಕ್ಸಲ್ ನಟ್ಟಿಗೆ ಸಾಕೆಟ್ (30 ಅಥವಾ 32 ಎಂಎಂ ಇರಬಹುದು, ಮೊದಲೇ ಹಾಕಿ ನೋಡಿ), ಉದ್ದ ಹಿಡಿಯ ಬಾರ್, ಅದಕ್ಕೆ ತೂರಿಸಲು ಒಂದು ಮೀಟರ್ ಜಿಐ ಪೈಪ್, 10ರಿಂದ 19ರವರೆಗಿನ ಸ್ಪ್ಯಾನರ್, ಇಕ್ಕಳ, ಉಳಿ, ಸುತ್ತಿಗೆ, ಮರದ ತುಂಡು, ಎರಡು ಟಯರ್ ಲಿವರ್, ಆಯಿಲ್ ಹಿಡಿಯಲು ಹಳೆ ಬೋಗುಣಿ, ಗಟ್ಟಿ ತಂತಿ. ತುಕ್ಕು ಬಿಡಿಸುವ ಸ್ಪ್ರೇಯನ್ನು ಹಿಂದಿನ ರಾತ್ರಿಯೇ ಎಲ್ಲಾ ಬೋಲ್ಟಿಗೂ ಹೊಡೆದು ಮಲಗಿ. ನಮ್ಮೂರಿನ ತೇವಕ್ಕೆ ಒಂದು ರಾತ್ರಿಯ ನೆನೆಸುವಿಕೆ ಬೇಕೇ ಬೇಕು.

ಜಾಗ

ನಮ್ಮಲ್ಲಿ ಸಮತಟ್ಟು ನೆಲ ಹುಡುಕುವುದೇ ಅರ್ಧ ಕೆಲಸ. ಅಂಗಳ ಇಳಿಜಾರು, ಗೇಟು ಏರು. ಉಳಿಯುವುದು ಕಾಫಿ ಕಣ. ಗಟ್ಟಿ ಸಿಮೆಂಟು, ಚಪ್ಪಟೆ, ಬೆಳಕು ಚೆನ್ನಾಗಿ ಬೀಳುತ್ತದೆ. ಆದರೆ ಕಾಫಿ ಬೇರೆ ವಾಸನೆಗಳನ್ನು ಬೇಗ ಹೀರಿಕೊಳ್ಳುತ್ತದೆ. ಗೇರ್ ಆಯಿಲಿನ ಗಂಧಕದ ನಾತ ಸುಲಭಕ್ಕೆ ಹೋಗುವಂಥದ್ದಲ್ಲ. ಹಾಗಾಗಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ದಪ್ಪ ಟಾರ್ಪಾಲ್ ಹಾಸಿ ಮಾಡಿ. ನಾನು ಟಾರ್ಪಾಲ್ ಹಾಸದೆ ಮಾಡಿದ್ದೆ. ಅವ್ವ ಎರಡು ದಿನ ಮಾತಾಡಲಿಲ್ಲ. ಮಳೆಗಾಲದಲ್ಲಿ ತೋಟದ ಬದಿಯಲ್ಲಿ ಮಲಗಿ ಮಾಡುತ್ತೇನೆ ಅನ್ನುವವರಿಗೆ ಹೇಳುವುದು ಒಂದೇ ಮಾತು: ಎರಡೂ ಕೈ ಗ್ರೀಸಿನಲ್ಲಿದ್ದಾಗ ಜಿಗಣೆ ಕೀಳುವುದು ಹೇಗೆ ಎಂದು ಯೋಚಿಸಿ.

ಹಿಂದಿನ ಚಕ್ರಗಳಿಗೆ ಎರಡೂ ಕಡೆ ಸಿಲ್ವರ್ ಓಕಿನ ತುಂಡು ಅಡ್ಡ ಕೊಡಿ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಜಾಕಿ ಎತ್ತಲು ಮಾತ್ರ. ಕಾರು ನಿಲ್ಲಬೇಕಾದದ್ದು ಸ್ಟ್ಯಾಂಡಿನ ಮೇಲೆ. ಸಿಮೆಂಟ್ ಬ್ಲಾಕ್, ಜಂಬಿಟ್ಟಿಗೆ ಇವೆಲ್ಲ ಗಟ್ಟಿಯಾಗಿ ಕಾಣುತ್ತವೆ, ಒಡೆಯುವಾಗ ಮುನ್ಸೂಚನೆ ಕೊಡುವುದಿಲ್ಲ. ಸ್ಟ್ಯಾಂಡ್ ಇಲ್ಲವಾದರೆ ಕೆಲಸ ಮುಂದೂಡಿ. ಒಬ್ಬರೇ ಮಾಡಬೇಡಿ, ಬ್ರೇಕ್ ತುಳಿಯಲಿಕ್ಕಾದರೂ ಒಬ್ಬರು ಬೇಕು.

ಬಿಚ್ಚುವುದು

ಮೊದಲ ಏಟು ಆಕ್ಸಲ್ ನಟ್ಟಿಗೆ, ಅದೂ ಚಕ್ರ ನೆಲದ ಮೇಲಿರುವಾಗಲೇ. ಚಕ್ರದ ನಡುವಿನ ಕ್ಯಾಪ್ ತೆಗೆಯಿರಿ. ನಟ್ಟಿನಲ್ಲಿ ಸ್ಪ್ಲಿಟ್ ಪಿನ್ ಇರುತ್ತದೆ, ಬಾಗಿದ ಕಾಲುಗಳನ್ನು ನೇರ ಮಾಡಿ ಇಕ್ಕಳದಲ್ಲಿ ಎಳೆಯಿರಿ. ತುಂಡಾದರೆ ಗಾಬರಿ ಬೇಡ, ಉಳಿದದ್ದನ್ನು ಸಣ್ಣ ಮೊಳೆಯಿಂದ ಹಿಂದಕ್ಕೆ ತಟ್ಟಿ. ಈಗ ಜೊತೆಯವರು ಬ್ರೇಕ್ ಗಟ್ಟಿಯಾಗಿ ತುಳಿಯಲಿ. ಸಾಕೆಟ್, ಬಾರ್, ಪೈಪ್ ಹಾಕಿ ನಟ್ಟನ್ನು ಒಂದು ಸಲ ಅಲುಗಿಸಿ. ಅಷ್ಟೇ, ಪೂರ್ತಿ ಬಿಚ್ಚಬೇಡಿ. ಆ ನಟ್ಟೇ ಚಕ್ರದ ಬೇರಿಂಗನ್ನು ಬಿಗಿಯಾಗಿ ಹಿಡಿದಿರುವುದು. ಅದು ಸಡಿಲವಿದ್ದಾಗ ಕಾರಿನ ಭಾರ ಚಕ್ರದ ಮೇಲೆ ಬಿದ್ದರೆ, ಇಲ್ಲ ಕಾರನ್ನು ತಳ್ಳಿದರೆ, ಬೇರಿಂಗ್ ಹೋಗುತ್ತದೆ. ಒಂದು ರಿಪೇರಿ ಎರಡಾಗುತ್ತದೆ. ಇದೇ ಹೊತ್ತಿನಲ್ಲಿ ವೀಲ್ ನಟ್ಟುಗಳನ್ನೂ ಸ್ವಲ್ಪ ಸಡಿಲಿಸಿ.

ಕಾರು ಎತ್ತಿ, ಸ್ಟ್ಯಾಂಡ್ ಇಟ್ಟು, ಚಕ್ರ ತೆಗೆದು ಬಾಡಿಯ ಕೆಳಗೆ ಮಲಗಿಸಿ. ಸ್ಟ್ಯಾಂಡ್ ಜಾರಿದರೂ ಚಕ್ರ ಇರುತ್ತದೆ.

ಇನ್ನು ಗೇರ್ ಆಯಿಲ್. ಇಲ್ಲಿ ಎಲ್ಲರೂ ಮಾಡುವ ತಪ್ಪು, ಮೊದಲು ಕೆಳಗಿನ ಡ್ರೈನ್ ಪ್ಲಗ್ ಬಿಚ್ಚುವುದು. ಮೊದಲು ಮೇಲೆ, ಪಕ್ಕದಲ್ಲಿರುವ ಆಯಿಲ್ ತುಂಬುವ ಪ್ಲಗ್ ಬಿಚ್ಚಿ. ಅದು ತುಕ್ಕು ಹಿಡಿದು ಬಿಚ್ಚದೆ ಕೂತರೆ, ಆಯಿಲ್ ಖಾಲಿ ಮಾಡಿದ ಕಾರು ಕಣದಲ್ಲೇ ಇರಬೇಕಾಗುತ್ತದೆ. ಅದು ಬಿಚ್ಚಿದ ಮೇಲೆ ಕೆಳಗಿನದ್ದು ಬಿಚ್ಚಿ, ಆಯಿಲ್ ಬೋಗುಣಿಗೆ ಇಳಿಯಲಿ. ಡ್ರೈನ್ ಪ್ಲಗ್ಗಿನಲ್ಲಿ ಹಿಟ್ಟಿನಂಥ ಕಬ್ಬಿಣದ ಪುಡಿ ಅಂಟಿದ್ದರೆ ಸಹಜ. ಹಲ್ಲಿನ ತುಂಡು ಸಿಕ್ಕರೆ ಕೆಲಸ ಬೇರೆಯದೇ ಇದೆ.

ಈಗ ಚಕ್ರದ ಹಬ್, ಅಂದರೆ ಚಕ್ರ ಕೂರುವ ನಡುಭಾಗವನ್ನು ಹೊರಕ್ಕೆ ವಾಲಿಸಬೇಕು. ಅದಕ್ಕೆ ಕೆಳಗಿನ ಬಾಲ್ ಜಾಯಿಂಟ್ ಬಿಡಬೇಕು. ಮಾರುತಿಯ ಈ ಸಣ್ಣ ಕಾರುಗಳಲ್ಲಿ ಬಾಲ್ ಜಾಯಿಂಟಿನ ಮೊಳೆ ಹಬ್ ಹೊತ್ತಿರುವ ಲೋಹದ ತುಂಡಾದ ನಕಲ್‌ನ ಸೀಳಿನೊಳಗೆ ಕೂತಿರುತ್ತದೆ. ಅಡ್ಡಲಾಗಿ ಒಂದು ಬೋಲ್ಟ್ ಅದನ್ನು ಕಚ್ಚಿ ಹಿಡಿದಿರುತ್ತದೆ. ಬೋಲ್ಟನ್ನು ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ತೆಗೆಯಬೇಕು. ಮೊಳೆಯಲ್ಲಿ ಒಂದು ಕಚ್ಚು ಇದೆ, ಬೋಲ್ಟ್ ಆ ಕಚ್ಚಿನಲ್ಲಿ ಕೂರುತ್ತದೆ. ಬೋಲ್ಟ್ ತೆಗೆದು, ಸೀಳಿಗೆ ಉಳಿಯನ್ನು ಮೆಲ್ಲಗೆ ತಟ್ಟಿ ಸ್ವಲ್ಪ ಅಗಲಿಸಿ, ಲೋವರ್ ಆರ್ಮನ್ನು (ಬಾಲ್ ಜಾಯಿಂಟ್ ಇರುವ ಕೆಳಗಿನ ತೋಳು) ಬಾರ್‌ನಿಂದ ಕೆಳಗೆ ಒತ್ತಿದರೆ ಮೊಳೆ ಜಾರಿ ಬರುತ್ತದೆ. ಆರ್ಮ್ ಕೆಳಗೆ ಇಳಿಯಲು ಸ್ಟೆಬಿಲೈಸರ್ ಬಾರ್ (ಎರಡೂ ಕಡೆಯ ಆರ್ಮುಗಳನ್ನು ಜೋಡಿಸುವ ಸರಳು) ತಡೆದರೆ ಅದರ ತುದಿಯ ನಟ್ಟನ್ನೂ ಬಿಚ್ಚಬೇಕಾದೀತು. ಬಾಲ್ ಜಾಯಿಂಟಿನ ರಬ್ಬರ್ ಹರಿಯದಂತೆ ನೋಡಿಕೊಳ್ಳಿ.

ಆಕ್ಸಲ್ ನಟ್ಟನ್ನು ಈಗ ಪೂರ್ತಿ ತೆಗೆಯಿರಿ. ಹಬ್ಬನ್ನು ಹೊರಕ್ಕೆ ಎಳೆಯುತ್ತಾ ಆಕ್ಸಲ್ ತುದಿಯನ್ನು ಒಳಕ್ಕೆ ತಳ್ಳಿ. ಬರದಿದ್ದರೆ ಹಳೆ ನಟ್ಟನ್ನೇ ತುದಿಗೆ ಸಮವಾಗಿ ತಿರುಗಿಸಿ, ಮರದ ತುಂಡು ಇಟ್ಟು ತಟ್ಟಿ. ಬರಿ ಸುತ್ತಿಗೆಯಿಂದ ನೇರ ಹೊಡೆದರೆ ಮರೆ (ನಟ್ಟು ತಿರುಗುವ ಥ್ರೆಡ್) ಹಾಳಾಗುತ್ತದೆ. ಬ್ರೇಕ್ ಪೈಪ್ ಬಿಗಿಯಾಗಿ ಎಳೆಯದಂತೆ ಒಂದು ಕಣ್ಣಿರಲಿ. ಹೊರಬಂದ ಆಕ್ಸಲ್ಲನ್ನು ನೇತಾಡಲು ಬಿಡಬೇಡಿ, ತಂತಿಯಲ್ಲಿ ಕಟ್ಟಿ.

ನಾನು ಮೊದಲ ಸಲ ಕೆಡಿಸಿದ್ದು ಇದರ ನಂತರ. ಹೊರಗಿನ ತುದಿ ಬಂತಲ್ಲ ಎಂಬ ಖುಷಿಗೆ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ಮರಗೆಣಸು ಕೀಳುವ ಹಾಗೆ ಎಳೆದೆ. ಬಂತು. ಆದರೆ ಬಂದದ್ದು ಸರಳು ಮಾತ್ರ. ಒಳಗಿನ ಕೀಲಿನ ಬಟ್ಟಲು ಗೇರ್‌ಬಾಕ್ಸಿನಲ್ಲೇ ಉಳಿಯಿತು. ಕೀಲಿನ ಒಳಗಿದ್ದದ್ದೆಲ್ಲ ಗ್ರೀಸ್ ಸಮೇತ ಟಾರ್ಪಾಲಿಲ್ಲದ ಕಣದ ಮೇಲೆ. ಸರಳನ್ನು ಯಾವತ್ತೂ ಎಳೆಯಬೇಡಿ. ಒಳಗಿನ ತುದಿಯನ್ನು ಗೇರ್‌ಬಾಕ್ಸಿನೊಳಗೆ ಒಂದು ಸಣ್ಣ ಉಕ್ಕಿನ ಸರ್ಕ್ಲಿಪ್ ಹಿಡಿದಿರುತ್ತದೆ. ಅದು ಬಿಡಬೇಕಾದರೆ ಬಲ ಬೀಳಬೇಕಾದದ್ದು ಕೀಲಿನ ಬಟ್ಟಲಿನ ಮೇಲೆ. ಗೇರ್‌ಬಾಕ್ಸಿಗೂ ಬಟ್ಟಲಿಗೂ ನಡುವೆ ಎದುರೆದುರು ಎರಡು ಟಯರ್ ಲಿವರ್ ಇಟ್ಟು, ಒಂದೇ ಸಲ ಚುರುಕಾಗಿ ಮೀಟಿ. ಟಕ್ ಎಂದು ಬಿಡುತ್ತದೆ. ಗೇರ್‌ಬಾಕ್ಸ್ ಅಲ್ಯೂಮಿನಿಯಂ, ಅದರ ಅಂಚು ಮುರಿಯದಂತೆ ದಪ್ಪ ಜಾಗ ನೋಡಿ ಆನಿಸಿ. ಬಿಟ್ಟ ಮೇಲೆ ಬಟ್ಟಲನ್ನು ಕೆಳಗಿನಿಂದ ಕೈಕೊಟ್ಟು ನೇರವಾಗಿ ಹೊರತೆಗೆಯಿರಿ. ಉಳಿದಿದ್ದ ಆಯಿಲ್ ಸ್ವಲ್ಪ ಸುರಿಯುತ್ತದೆ, ಬೋಗುಣಿ ಅಲ್ಲೇ ಇರಲಿ.

ಎರಡೂ ಕಡೆ ಬದಲಾಯಿಸುವುದಿದ್ದರೆ ಒಂದು ಮುಗಿಸಿ ಇನ್ನೊಂದು ಬಿಚ್ಚಿ. ಎರಡನ್ನೂ ಒಟ್ಟಿಗೆ ತೆಗೆದರೆ ಕೆಲವು ಗೇರ್‌ಬಾಕ್ಸಿನಲ್ಲಿ ಒಳಗಿನ ಗೇರ್ ಜಾಗ ಬಿಟ್ಟು ಸರಿಯುತ್ತದೆ. ಆಮೇಲೆ ಅದನ್ನು ಹೊಂದಿಸುವುದು ಕುರುಡನಿಗೆ ಸೂಜಿ ಪೋಣಿಸಿದಂತೆ.

ಜೋಡಿಸುವುದು

ಹಳೆ ಸೀಲನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಿರಿ, ಅದು ಕೂರುವ ಗುಂಡಿಗೆ ಗೀರು ಬೀಳಬಾರದು. ಬಟ್ಟೆಯಿಂದ ಒರೆಸಿ. ಹೊಸ ಸೀಲಿನ ತುಟಿಗೆ ಗೇರ್ ಆಯಿಲ್ ಸವರಿ, ಅದರ ಅಗಲದ್ದೇ ಸಾಕೆಟ್ ಇಟ್ಟು ಸುತ್ತಲೂ ಸಮನಾಗಿ ತಟ್ಟಿ. ಹಳೆಯದು ಎಷ್ಟು ಆಳದಲ್ಲಿತ್ತೋ ಅಷ್ಟೇ. ಓರೆಯಾದರೆ ತೆಗೆದು ಹೊಸದೇ ಹಾಕಿ.

ಹಳೆ, ಹೊಸ ಆಕ್ಸಲ್ ಎರಡನ್ನೂ ಪಕ್ಕಪಕ್ಕ ಮಲಗಿಸಿ. ಉದ್ದ, ತುದಿಯ ಹಲ್ಲುಗಳ ಲೆಕ್ಕ, ಮರೆ ಎಲ್ಲ ಒಂದೇ ಇದೆಯಾ ನೋಡಿ. ಈ ಐದು ನಿಮಿಷ ಮಾಡದವರು ಮತ್ತೆ ಬಸ್ಸಿನಲ್ಲಿ ಅಂಗಡಿಗೆ ಹೋಗುತ್ತಾರೆ. ಹೊಸ ಸರ್ಕ್ಲಿಪ್ ಹಾಕಿ, ಹಲ್ಲುಗಳಿಗೆ ಆಯಿಲ್ ಸವರಿ. ಸೀಲಿನ ತುಟಿಗೆ ಹಲ್ಲು ತಾಗದಂತೆ ಬಟ್ಟಲನ್ನು ಹಿಡಿದು ನೇರವಾಗಿ ತೂರಿಸಿ, ಅತ್ತ ಇತ್ತ ಸ್ವಲ್ಪ ತಿರುಗಿಸಿ ಹಲ್ಲು ಹೊಂದಿಸಿ, ಕೊನೆಗೆ ಜೋರಾಗಿ ಒಂದು ತಳ್ಳು. ಟಕ್ ಅನ್ನಬೇಕು. ಕೇಳಿಸದಿದ್ದರೆ ಬಟ್ಟಲನ್ನು ಕೈಯಿಂದ ಹೊರಕ್ಕೆ ಎಳೆದು ನೋಡಿ, ಬರಬಾರದು. ಬಂದರೆ ಸರ್ಕ್ಲಿಪ್ ಕೂತಿಲ್ಲ. ಹಾಗೇ ಓಡಿಸಿದರೆ ಸಂಪಾಜೆ ಘಾಟಿಯ ಯಾವುದೋ ತಿರುವಿನಲ್ಲಿ ಅದು ತಾನೇ ಹೊರಗೆ ಬರುತ್ತದೆ.

ಹೊರ ತುದಿಯನ್ನು ಹಬ್ಬಿನೊಳಗೆ ತೂರಿಸಿ, ನಟ್ಟನ್ನು ಕೈಯಲ್ಲೇ ಕೂರಿಸಿ. ಬಾಲ್ ಜಾಯಿಂಟಿನ ಮೊಳೆಯನ್ನು ನಕಲ್‌ಗೆ ಏರಿಸಿ, ಅದರ ಕಚ್ಚು ಬೋಲ್ಟಿನ ತೂತಿಗೆ ಸರಿಯಾಗಲಿ. ಬೋಲ್ಟ್ ಕೈಯಿಂದಲೇ ದಾಟಬೇಕು. ದಾಟದಿದ್ದರೆ ಸುತ್ತಿಗೆ ಎತ್ತಬೇಡಿ, ಮೊಳೆ ಇನ್ನೂ ಪೂರ್ತಿ ಏರಿಲ್ಲ ಎಂದರ್ಥ. ಬಿಚ್ಚಿದ್ದ ಬೇರೆ ನಟ್ಟು ಬೋಲ್ಟುಗಳನ್ನೂ ಬಿಗಿ ಮಾಡಿ. ಆಮೇಲೆ ಚಕ್ರ ಹಾಕಿ, ಆಕ್ಸಲ್ ನಟ್ಟನ್ನು ಸಾಧಾರಣ ಬಿಗಿ ಮಾಡಿ ಕಾರನ್ನು ಇಳಿಸಿ, ವೀಲ್ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ.

ಆಕ್ಸಲ್ ನಟ್ಟಿನ ಕೊನೆಯ ಬಿಗಿತವೇ ಈ ಕೆಲಸದ ಜೀವ. ಇಂಥ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 150ರಿಂದ 200 ನ್ಯೂಟನ್ ಮೀಟರ್. ನಿಮ್ಮ ಕಾರಿನ ಸರ್ವಿಸ್ ಮ್ಯಾನುವಲ್‌ನಲ್ಲಿ ಇರುವ ಅಂಕಿಯೇ ಅಂತಿಮ. ಬಿಗಿತ ಅಳೆದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಸುಲಭ. ಇಲ್ಲದವರಿಗೆ ತೋಟದ ಮನೆಯಲ್ಲೇ ಒಂದು ಉಪಾಯವಿದೆ. ಕಾಫಿ ಹಣ್ಣಿನ ಚೀಲ ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಇದೆಯಲ್ಲ, ಅದನ್ನು ತನ್ನಿ. ನಟ್ಟಿನ ನಡುವಿನಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ ಪೈಪಿಗೆ ಕೊಕ್ಕೆ ಹಾಕಿ. ಪೈಪ್ ನೆಲಕ್ಕೆ ಸಮಾನಾಂತರವಾಗಿರಲಿ, ತಕ್ಕಡಿಯನ್ನು ಪೈಪಿಗೆ ನೇರ ಲಂಬವಾಗಿ ಎಳೆಯಿರಿ. ತಕ್ಕಡಿ 18 ಕೆ.ಜಿ. ತೋರಿಸಿದರೆ ಅದು ಸುಮಾರು 176 ನ್ಯೂಟನ್ ಮೀಟರ್. ಕೆ.ಜಿ.ಯನ್ನು 9.8ರಿಂದ ಗುಣಿಸಿ, ಅಷ್ಟೇ ಲೆಕ್ಕ. ಪೈಪಿನ ತೂಕವೂ ಸ್ವಲ್ಪ ಸೇರುತ್ತದೆ, ಹಾಗಾಗಿ ಇದು ಟಾರ್ಕ್ ರೆಂಚಿನಷ್ಟು ನಿಖರ ಅಲ್ಲ. ಆದರೆ ಪೈಪಿನ ಮೇಲೆ ಹತ್ತಿ ಕುಣಿಯುವುದಕ್ಕಿಂತ ಸಾವಿರ ಪಾಲು ವಾಸಿ. ಮೊದಲ ಅವಕಾಶದಲ್ಲೇ ಟಾರ್ಕ್ ರೆಂಚ್ ಇರುವಲ್ಲಿ ಪರೀಕ್ಷಿಸಿಕೊಳ್ಳಿ.

ನಟ್ಟಿನ ಸೀಳಿಗೂ ಆಕ್ಸಲ್ಲಿನ ತೂತಿಗೂ ಸರಿಹೊಂದದಿದ್ದರೆ ಇನ್ನಷ್ಟು ಬಿಗಿಯಿರಿ, ಹಿಂದಕ್ಕೆ ಸಡಿಲಿಸಬೇಡಿ. ಹೊಸ ಸ್ಪ್ಲಿಟ್ ಪಿನ್ ಹಾಕಿ, ಕಾಲುಗಳನ್ನು ಬಗ್ಗಿಸಿ. ಹಳೆ ಪಿನ್ನು, ಪಿನ್ನಿನ ಬದಲು ತಂತಿ, ಮೊಳೆ ಇವೆಲ್ಲ ಬೇಡ.

ಆಯಿಲ್ ತುಂಬುವಾಗ ಕಾರು ನಾಲ್ಕೂ ಚಕ್ರದ ಮೇಲೆ ಸಮನಾಗಿ ನಿಂತಿರಬೇಕು. ಡ್ರೈನ್ ಪ್ಲಗ್ ಹೊಸ ವಾಷರ್ ಜೊತೆ ಬಿಗಿ ಇದೆಯಾ ನೋಡಿ. ಫನಲ್‌ಗೆ ಉದ್ದ ಟ್ಯೂಬ್ ಸಿಕ್ಕಿಸಿ, ಮೇಲಿನ ತೂತಿನ ಅಂಚಿನಿಂದ ಆಯಿಲ್ ತೊಟ್ಟಿಕ್ಕುವವರೆಗೆ ನಿಧಾನವಾಗಿ ತುಂಬಿ.

ಓಡಿಸಿ ನೋಡುವುದು

ಕಣದಲ್ಲೇ ಎರಡೂ ಕಡೆಗೆ ಪೂರ್ತಿ ಸ್ಟೇರಿಂಗ್ ತಿರುಗಿಸಿ ಸುತ್ತು ಹಾಕಿ. ಸದ್ದಿಲ್ಲದಿದ್ದರೆ ಪಕ್ಕದ ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್ ಹೋಗಿ, ಬ್ರೇಕ್ ಹಿಡಿದು ನೋಡಿ, ಏರಿನಲ್ಲಿ ಎರಡನೇ ಗೇರಿನಲ್ಲಿ ಎಳೆಸಿ. ವಾಪಸ್ ಬಂದು ಹಬ್ ಮುಟ್ಟಿ, ಕೈ ಇಡಲಾಗದಷ್ಟು ಬಿಸಿಯಾಗಿರಬಾರದು. ರಾತ್ರಿ ಗೇರ್‌ಬಾಕ್ಸಿನ ಕೆಳಗೆ ಹಳೆ ಪೇಪರ್ ಹಾಸಿ. ಬೆಳಿಗ್ಗೆ ಅದರ ಮೇಲೆ ಕಲೆ ಇದ್ದರೆ ಸೀಲು ಓರೆಯಾಗಿದೆ. 50 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ.

ಬೋಗುಣಿಯ ಹಳೆ ಆಯಿಲನ್ನು ತೋಡಿಗೆ ಚೆಲ್ಲಬೇಡಿ, ಕೆಳಗಿನ ಗದ್ದೆಯವರು ಅದೇ ನೀರು ಕಟ್ಟುವುದು. ಕ್ಯಾನಿನಲ್ಲಿ ತುಂಬಿ ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಹಳೆ ಆಕ್ಸಲ್ಲನ್ನು ಮಾತ್ರ ಗುಜರಿಗೆ ಹಾಕಬೇಡಿ. ಹೊರಗಿನ ಕೀಲು ಹೋಗಿದ್ದರೂ ಒಳಗಿನದು ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಬಿಡಿ ಕೀಲು ಹುಡುಕಿಕೊಂಡು ಮೈಸೂರಿಗೆ ಹೋಗುವ ದಿನ ಬಂದರೆ ಬೇಕಾಗುತ್ತದೆ. ನನ್ನದು ಅಟ್ಟದಲ್ಲಿ ಕರಿಮೆಣಸಿನ ಚೀಲಗಳ ಪಕ್ಕದಲ್ಲಿದೆ, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ. ಅವ್ವನಿಗೆ ಇನ್ನೂ ಗೊತ್ತಿಲ್ಲ.